ಗ್ರಹಣಕ್ಕೆ ಹೆದರಿ ಅಡಗುವುದೇ, ಸಿದ್ಧರಾಗಿ ಕಾಯುವುದೇ?



ಸೂರ್ಯಗ್ರಹಣದ ದಿನ ಹತ್ತಿರ ಬಂತೆಂದರೆ ನಮ್ಮ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಮನೆಗಳಲ್ಲಿ ಪ್ರಶ್ನೆಗಳು ಏಳುತ್ತವೆ. ಅಡುಗೆ ಮಾಡಬಹುದೇ? ಮಕ್ಕಳನ್ನು ಹೊರಗೆ ಬಿಡಬಹುದೇ? ಬಸುರಿ ಸೊಸೆ ನೀರು ಕುಡಿಯಬಹುದೇ? ಈ ಪ್ರಶ್ನೆಗಳನ್ನು ಕಥೋಲಿಕ ಕುಟುಂಬಗಳವರೂ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಉತ್ತರವನ್ನು ಗ್ರಹಣದ ದಿನ ಗಡಿಬಿಡಿಯಲ್ಲಿ ಹುಡುಕುವ ಬದಲು, ಮುಂಚೆಯೇ ಕುಟುಂಬವಾಗಿ ಕುಳಿತು ತಿಳಿದುಕೊಳ್ಳುವುದು ಒಳ್ಳೆಯದು. 2027ರ ಆಗಸ್ಟ್ 2, ಸೋಮವಾರ, ಸಂಜೆಯ ವೇಳೆಗೆ ನಮ್ಮಲ್ಲಿ ಸೂರ್ಯಗ್ರಹಣ ಕಾಣಲಿದೆ. ಈ ಪಾಠ ಆ ಸಿದ್ಧತೆಗಾಗಿ.

ಗ್ರಹಣ ಎಂದರೇನು?

ಸೂರ್ಯನಿಗೂ ಭೂಮಿಗೂ ನಡುವೆ ಚಂದ್ರ ಬಂದಾಗ ಅವನ ನೆರಳು ಭೂಮಿಯ ಮೇಲೆ ಬೀಳುತ್ತದೆ. ಅದೇ ಸೂರ್ಯಗ್ರಹಣ. ಆದ್ದರಿಂದ ಸೂರ್ಯಗ್ರಹಣ ಅಮಾವಾಸ್ಯೆಯಂದು ಮಾತ್ರ ಆಗಲು ಸಾಧ್ಯ. ಹಾಗಾದರೆ ಪ್ರತಿ ಅಮಾವಾಸ್ಯೆಗೂ ಏಕೆ ಆಗುವುದಿಲ್ಲ? ಚಂದ್ರನ ದಾರಿ ಸುಮಾರು 5 ಡಿಗ್ರಿಯಷ್ಟು ಓರೆಯಾಗಿದೆ. ಹೆಚ್ಚಿನ ಅಮಾವಾಸ್ಯೆಗಳಲ್ಲಿ ಅವನ ನೆರಳು ಭೂಮಿಯ ಮೇಲಕ್ಕೋ ಕೆಳಕ್ಕೋ ಸರಿದು ಹೋಗುತ್ತದೆ.

ಸೂರ್ಯನ ಅಗಲ ಚಂದ್ರನ ಅಗಲಕ್ಕಿಂತ ಸುಮಾರು 400 ಪಟ್ಟು ಹೆಚ್ಚು. ಅವನು ನಮ್ಮಿಂದ ಇರುವ ದೂರವೂ ಚಂದ್ರನ ದೂರದ ಸುಮಾರು 400 ಪಟ್ಟು. ಆದ್ದರಿಂದಲೇ ನಮ್ಮ ಕಣ್ಣಿಗೆ ಇಬ್ಬರೂ ಒಂದೇ ಗಾತ್ರದವರಾಗಿ ಕಾಣುತ್ತಾರೆ. ಚಂದ್ರ ಸೂರ್ಯನನ್ನು ಸರಿಯಾಗಿ ಮುಚ್ಚಿದಾಗ ಹಗಲಿನಲ್ಲೇ ನಕ್ಷತ್ರಗಳು ಕಾಣುತ್ತವೆ, ಕಪ್ಪು ಬಿಂಬದ ಸುತ್ತ ಬೆಳ್ಳಗಿನ ಪ್ರಭಾವಳಯ ಹರಡುತ್ತದೆ. ಅದನ್ನು ಖಗ್ರಾಸ ಅಥವಾ ಪೂರ್ಣ ಸೂರ್ಯಗ್ರಹಣ ಎನ್ನುತ್ತೇವೆ. ಒಂದೇ ಊರಿಗೆ ಅಂಥ ಗ್ರಹಣ ಮತ್ತೆ ಬರಲು ಸರಾಸರಿ ಸುಮಾರು 375 ವರ್ಷ ಬೇಕು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಅದು ತನ್ನ ಊರಿನ ಮೇಲೆಯೇ ಹಾದುಹೋಗುವುದು ಅಪರೂಪ. ನೋಡಬೇಕೆನ್ನುವವರು ನೆರಳು ಬೀಳುವ ಕಡೆಗೆ ಹೋಗಬೇಕಾಗುತ್ತದೆ.

ಈ ಮಾತು ನಮ್ಮ ನಾಡಿಗೆ ಹೊಸದಲ್ಲ. ಕ್ರಿ.ಶ. 499ರ ಸುಮಾರಿಗೆ ಆರ್ಯಭಟನು ಗ್ರಹಣಕ್ಕೆ ನೆರಳೇ ಕಾರಣ ಎಂದು ಬರೆದಿದ್ದಾನೆ.

ನಮ್ಮ ನಾಡಿನ ಮೇಲೆ ಬಿದ್ದ ನೆರಳು

1868ರ ಆಗಸ್ಟ್ 18ರ ಪೂರ್ಣ ಗ್ರಹಣವನ್ನು ನೋಡಲು ಜಾನ್ ಹರ್ಷಲ್ ಎಂಬ ಸೇನಾಧಿಕಾರಿ ನಮ್ಮ ಜಮಖಂಡಿಗೆ ಉಪಕರಣಗಳೊಂದಿಗೆ ಬಂದಿದ್ದನು. ಮಳೆಗಾಲದ ಮೋಡಗಳ ಸಂದಿನಲ್ಲಿಯೇ ಅವನು ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಪರೀಕ್ಷಿಸಿದನು. 1871ರ ಡಿಸೆಂಬರ್ 12ರಂದು ನಾರ್ಮನ್ ಲಾಕಿಯರ್ ಎಂಬ ವಿಜ್ಞಾನಿ ಕಾಸರಗೋಡಿನ ಬಳಿಯ ಬೇಕಲ ಕೋಟೆಯಿಂದ ಮತ್ತೊಂದು ಪೂರ್ಣ ಗ್ರಹಣವನ್ನು ನೋಡಿದನು. ಸಮುದ್ರ ದಾಟಿ ತಿಂಗಳುಗಟ್ಟಲೆ ಸಿದ್ಧತೆ ಮಾಡಿಕೊಂಡು ಬಂದವರು ಅವರು. ಅವರಿಗೆ ಸಿಕ್ಕಿದ್ದು ಕೆಲವೇ ನಿಮಿಷ.

ನಮ್ಮ ಹಿರಿಯರಿಗೆ ನೆನಪಿರುವುದು 1980ರ ಫೆಬ್ರವರಿ 16, ಶನಿವಾರ. ಆ ವರ್ಷದ ವಿಭೂತಿ ಬುಧವಾರಕ್ಕೆ ಇನ್ನು ನಾಲ್ಕೇ ದಿನಗಳಿದ್ದವು. ಮಧ್ಯಾಹ್ನ ಮೂರೂವರೆಯ ನಂತರ ಚಂದ್ರನ ನೆರಳು ಕಾರವಾರ, ಅಂಕೋಲಾ ಕರಾವಳಿಯಿಂದ ನಾಡಿನೊಳಗೆ ಬಂದು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ಆಂಧ್ರದ ಕಡೆ ಸಾಗಿತು. ಆ ದಾರಿಯ ನಡುಗೆರೆ ನಮ್ಮ ತಾಲ್ಲೂಕುಗಳ ಉತ್ತರಕ್ಕೆ ಇತ್ತು. ನಮ್ಮ ಕಡೆಯೂ ಸೂರ್ಯನ ಬಹುಪಾಲು ಮುಚ್ಚಿಹೋಗಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿ ದೂರದರ್ಶಕಗಳನ್ನು ನಿಲ್ಲಿಸಿಕೊಂಡು ಕಾದರು. ಕತ್ತಲೆ ಉಳಿದದ್ದು ಎರಡೂವರೆ ನಿಮಿಷದಷ್ಟು. ಅದೇ ಹೊತ್ತಿನಲ್ಲಿ ನೆರಳಿನ ದಾರಿಯಲ್ಲಿದ್ದ ಎಷ್ಟೋ ಊರುಗಳ ಬೀದಿಗಳು ಬಿಕೋ ಎನ್ನುತ್ತಿದ್ದವು. ಜನರು ಕದ ಕಿಟಕಿ ಹಾಕಿಕೊಂಡು ಒಳಗಿದ್ದರು.

ಒಂದೇ ದಿನ, ಒಂದೇ ಆಕಾಶ. ಒಂದು ಕಡೆ ಸಿದ್ಧರಾಗಿ ಕಾದವರು, ಇನ್ನೊಂದು ಕಡೆ ಹೆದರಿ ಅಡಗಿದವರು. ಕ್ರೈಸ್ತರಾದ ನಾವು ಯಾರ ಸಾಲಿನಲ್ಲಿ ನಿಲ್ಲಬೇಕು?

ಪವಿತ್ರ ಬೈಬಲ್ ಏನು ಕಲಿಸುತ್ತದೆ?

ಆದಿಕಾಂಡದ ಮೊದಲ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ಅಲ್ಲಿ ಸೂರ್ಯ ಚಂದ್ರರು ದೇವರುಗಳಲ್ಲ, ದೇವರು ಉಂಟುಮಾಡಿದ ಎರಡು ದೀಪಗಳು. ದಿನಗಳನ್ನು, ಕಾಲಗಳನ್ನು ಗುರುತಿಸಲು ಅವುಗಳನ್ನು ಇಡಲಾಗಿದೆ. ದೀಪಕ್ಕೆ ಮನೆಯಾತನ ಮೇಲೆ ಅಧಿಕಾರವಿರುವುದಿಲ್ಲ. ಪ್ರವಾದಿ ಯೆರೆಮೀಯನು (10:2) ಇತರ ಜನಾಂಗಗಳಂತೆ ಆಕಾಶದ ಸೂಚನೆಗಳಿಗೆ ದಿಗಿಲುಪಡಬಾರದೆಂದು ಇಸ್ರಯೇಲರಿಗೆ ನೇರವಾಗಿ ಎಚ್ಚರಿಸುತ್ತಾನೆ. ಜ್ಞಾನಗ್ರಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದೇವರು ಎಲ್ಲವನ್ನೂ ಅಳತೆ, ಎಣಿಕೆ, ತೂಕಗಳಿಂದ ಕ್ರಮಪಡಿಸಿದ್ದಾರೆಂದು 11ನೇ ಅಧ್ಯಾಯ ಹೇಳಿದರೆ, ಸೃಷ್ಟಿಯ ಚೆಲುವನ್ನು ಕಂಡವನು ಸೃಷ್ಟಿಕರ್ತನನ್ನು ಅರಿಯಬೇಕಿತ್ತೆಂದು 13ನೇ ಅಧ್ಯಾಯ ಹೇಳುತ್ತದೆ.

ಯೋಚಿಸಿ ನೋಡಿ. 2027ರ ಗ್ರಹಣದ ದಿನವನ್ನು ಇಷ್ಟು ಮುಂಚೆ ಹೇಳಲು ಹೇಗೆ ಸಾಧ್ಯವಾಯಿತು? ಸೃಷ್ಟಿ ಲೆಕ್ಕಕ್ಕೆ ಒಳಪಟ್ಟಿರುವುದರಿಂದ. ಲೆಕ್ಕ ತಪ್ಪದಿರುವುದೇ ದೇವರ ನಿಷ್ಠೆಯ ಗುರುತು. ಗ್ರಹಣ ಲೋಕದ ಕ್ರಮ ಕೆಟ್ಟುದರ ಸಂಕೇತವಲ್ಲ. ಕ್ರಮ ಸರಿಯಾಗಿದೆ ಎಂಬುದರ ಸಾಕ್ಷಿ.

ಒಂದು ಪ್ರಶ್ನೆಯನ್ನು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ: ಯೇಸುಸ್ವಾಮಿ ಶಿಲುಬೆಯ ಮೇಲಿದ್ದಾಗ ಕತ್ತಲೆ ಕವಿಯಿತಲ್ಲ, ಅದು ಗ್ರಹಣವೇ? ಅಲ್ಲ. ಪಾಸ್ಕ ಹಬ್ಬ ಬರುವುದು ಹುಣ್ಣಿಮೆಯ ಹೊತ್ತಿಗೆ. ಹುಣ್ಣಿಮೆಯಲ್ಲಿ ಚಂದ್ರನು ಸೂರ್ಯನ ಎದುರು ದಿಕ್ಕಿನಲ್ಲಿರುತ್ತಾನೆ, ನಡುವೆ ಬರಲಾರ. ಇದಲ್ಲದೆ ಪೂರ್ಣ ಗ್ರಹಣದ ಕತ್ತಲೆ ಒಂದು ಜಾಗದಲ್ಲಿ ಎಂಟು ನಿಮಿಷವೂ ಇರುವುದಿಲ್ಲ. ಶುಭಸಂದೇಶ ಹೇಳುವ ಕತ್ತಲೆ ಮಧ್ಯಾಹ್ನದಿಂದ ಮೂರು ಗಂಟೆಯವರೆಗೆ ಇತ್ತು. ಮೂರನೆಯ ಶತಮಾನದ ಕ್ರೈಸ್ತ ಬರಹಗಾರ ಜೂಲಿಯಸ್ ಆಫ್ರಿಕಾನಸ್ ಈ ಹುಣ್ಣಿಮೆಯ ಮಾತನ್ನೇ ಎತ್ತಿ ತೋರಿಸಿದ್ದನು. ಆ ಕತ್ತಲೆಯನ್ನು ನಾವು ಪ್ರವಾದಿ ಆಮೋಸನ (8:9) ಮಾತಿನ ಜೊತೆಗಿಟ್ಟು ಓದಬೇಕು. ದೇವಪುತ್ರನ ಮರಣಕ್ಕೆ ಸೃಷ್ಟಿಯೇ ದುಃಖಿಸಿದ ಗುರುತು ಅದು. ಅದನ್ನು ಅಮಾವಾಸ್ಯೆಯ ಗ್ರಹಣದೊಂದಿಗೆ ಬೆರೆಸಿ, ಪ್ರತಿ ಗ್ರಹಣವೂ ದೇವಕೋಪ ಎಂದು ಮಕ್ಕಳಿಗೆ ಹೇಳಬಾರದು.

ಶ್ರೀಸಭೆ ಮತ್ತು ಆಕಾಶದ ಅರಿವು

ವಿಶ್ವಾಸವಿದ್ದವರಿಗೆ ವಿಜ್ಞಾನ ಬೇಡ ಎಂದು ಕೆಲವರು ತಿಳಿದಿದ್ದಾರೆ. ಚರಿತ್ರೆ ಬೇರೆಯದನ್ನು ಹೇಳುತ್ತದೆ. ಜಗದ್ಗುರು 13ನೇ ಗ್ರೆಗೋರಿಯವರು 1582ರಲ್ಲಿ ಪಂಚಾಂಗವನ್ನು ತಿದ್ದಿಸಿದಾಗ ದುಡಿದ ಯೇಸುಸಭೆಯ ಗುರು ಕ್ಲಾವಿಯುಸ್‌ರವರು 1560ರಲ್ಲಿ ಪೋರ್ಚುಗಲ್‌ನ ಕೊಯಿಂಬ್ರದಲ್ಲಿ ಪೂರ್ಣ ಸೂರ್ಯಗ್ರಹಣವನ್ನು ಕಂಡವರು. ಅದೇ ಸಭೆಯ ಆಡಂ ಷಾಲ್‌ರವರು 1644ರ ಸೆಪ್ಟೆಂಬರ್ 1ರ ಗ್ರಹಣದ ವೇಳೆಯನ್ನು ಚೀನಾದ ಅರಮನೆಗೆ ಸರಿಯಾಗಿ ಲೆಕ್ಕ ಹಾಕಿ ತಿಳಿಸಿದ್ದರಿಂದ ಅಲ್ಲಿನ ಖಗೋಳ ಇಲಾಖೆಯ ಹೊಣೆ ಅವರಿಗೆ ಬಂತು. 1860ರ ಜುಲೈ 18ರಂದು ಫಾದರ್ ಆಂಜೆಲೊ ಸೆಕ್ಕಿಯವರು ಸ್ಪೇನ್ ದೇಶದಲ್ಲಿ ಪೂರ್ಣ ಗ್ರಹಣದ ಛಾಯಾಚಿತ್ರ ತೆಗೆಸಿದರು. ಗ್ರಹಣದಲ್ಲಿ ಕಾಣುವ ಕೆಂಪು ಜ್ವಾಲೆಗಳು ಸೂರ್ಯನವೇ ಹೊರತು ಚಂದ್ರನವಲ್ಲ ಎಂದು ತಿಳಿಯಲು ಆ ಚಿತ್ರಗಳು ನೆರವಾದವು. ಇವರೆಲ್ಲ ಪ್ರತಿದಿನ ಬಲಿಪೂಜೆ ಅರ್ಪಿಸುತ್ತಿದ್ದ ಗುರುಗಳೇ.

ಇನ್ನೊಂದು ಕಡೆ, ಜಾತಕ, ಶಕುನ, ನಕ್ಷತ್ರಫಲಗಳಲ್ಲಿ ಭರವಸೆಯಿಡುವುದನ್ನು ಕಥೋಲಿಕ ಶ್ರೀಸಭೆಯ ಧರ್ಮೋಪದೇಶ (2116) ತಳ್ಳಿಹಾಕುತ್ತದೆ. ಇದು ನಮ್ಮ ಪವಿತ್ರ ವಸ್ತುಗಳಿಗೂ ಅನ್ವಯಿಸುತ್ತದೆ. ನೆರೆಮನೆಯವರು ನೀರಿನ ಕೊಡಕ್ಕೆ ಗರಿಕೆ ಹಾಕಿದರೆಂದು ನಾವು ಗರಿಗಳ ಭಾನುವಾರದ ಗರಿಯನ್ನು ಹಾಕಿಟ್ಟರೆ ಹೆಸರು ಬದಲಾಯಿತು, ಭಯ ಬದಲಾಗಲಿಲ್ಲ. ಜಪಸರ ಪ್ರಾರ್ಥನೆಗಾಗಿ ಇದೆ, ತಾಯಿತವಾಗಿ ಅಲ್ಲ.

ಭಯದ ಬೆಲೆ ತೆರುವವರು ಯಾರು?

ಇದು ಬರೀ ಅಭಿಪ್ರಾಯದ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಭಯದ ಭಾರ ಯಾವಾಗಲೂ ದುರ್ಬಲರ ಮೇಲೆ ಬೀಳುತ್ತದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ, ಕ್ರಿಸ್ಮಸ್ ಮರುದಿನ, ಕಾಸರಗೋಡು, ಮಂಗಳೂರು, ಕೊಡಗಿನ ಕಡೆ ಜನ ಕಂಕಣ ಗ್ರಹಣವನ್ನು ನೋಡಿ ಆನಂದಿಸಿದರು. ಅದೇ ಬೆಳಿಗ್ಗೆ ಕಲಬುರಗಿ ಬಳಿಯ ಹಳ್ಳಿಯೊಂದರಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕತ್ತಿನವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ತಾಯ್ತಂದೆಯರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳಲಾರರು. ಪ್ರೀತಿಗೆ ಸರಿಯಾದ ತಿಳಿವಳಿಕೆ ಜೊತೆಯಾಗದಿದ್ದರೆ ಅದೇ ಪ್ರೀತಿ ಮಗುವಿಗೆ ನೋವಾಗುತ್ತದೆ.

ಗರ್ಭಿಣಿಯರ ವಿಷಯವೂ ಹಾಗೆಯೇ. ಗ್ರಹಣದಲ್ಲಿ ಚಾಕು ಹಿಡಿದರೆ ಮಗುವಿಗೆ ಸೀಳುತುಟಿ ಬರುತ್ತದೆ ಎಂಬ ಮಾತನ್ನು ನಮ್ಮ ಅಜ್ಜಿಯಂದಿರಿಂದ ಕೇಳಿದ್ದೇವೆ. ಮಗುವಿನ ತುಟಿ ರೂಪುಗೊಳ್ಳುವುದು ಗರ್ಭದ ಮೊದಲ ಎರಡು ತಿಂಗಳೊಳಗೆ. ವಂಶದ ಕಾರಣ, ಪೋಷಕಾಂಶಗಳ ಕೊರತೆ, ತಂಬಾಕು, ಕೆಲವು ಔಷಧಿಗಳು ಸೀಳುತುಟಿಗೆ ಸಂಬಂಧಪಟ್ಟಿವೆ. ಚಂದ್ರನ ನೆರಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಬಸುರಿ ಹೆಣ್ಣುಮಗಳನ್ನು ಗಂಟೆಗಟ್ಟಲೆ ಅನ್ನ ನೀರಿಲ್ಲದೆ ಗಾಳಿಯಾಡದ ಕೋಣೆಯಲ್ಲಿ ಕೂರಿಸಿದರೆ ತಲೆಸುತ್ತು, ನಿತ್ರಾಣ ಖಂಡಿತ ಬರುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಹಿರಿಯರಿಗೂ ಉಪವಾಸ ಅಪಾಯಕರ. ಸೀಳುತುಟಿಯ ಮಗು ಹುಟ್ಟಿದರೆ ತಾಯಿಯನ್ನು ದೂರುವುದಂತೂ ಅನ್ಯಾಯ. ಶಸ್ತ್ರಚಿಕಿತ್ಸೆಯಿಂದ ಅದನ್ನು ಸರಿಪಡಿಸಬಹುದು. ಅತ್ತೆಯಂದಿರೇ, ಮಾತೆ ಮರಿಯಮ್ಮನವರು ಗರ್ಭವತಿಯಾಗಿದ್ದಾಗಲೇ ಎಲಿಜಬೇತಮ್ಮನವರನ್ನು ಕಾಣಲು ಬೆಟ್ಟದ ಸೀಮೆಗೆ ಹೊರಟುದನ್ನು ನೆನೆಯಿರಿ. ಸೊಸೆಗೆ ಆ ದಿನವೂ ಹೊತ್ತಿಗೆ ಸರಿಯಾಗಿ ಊಟ ಬಡಿಸಿರಿ.

ನೆರೆಹೊರೆಯವರೊಂದಿಗೆ

ನಮ್ಮ ಓಣಿಗಳಲ್ಲಿ ಕ್ರೈಸ್ತರ ಮನೆ ಒಂದೋ ಎರಡೋ ಇರುತ್ತವೆ. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿ ಮನೆ ತೊಳೆಯುವ ನೆರೆಯವರನ್ನು ನೋಡಿ ನಗಬಾರದು. ಅವರೂ ತಮ್ಮ ಹಿರಿಯರಿಂದ ಪಡೆದುದನ್ನು ಪಾಲಿಸುತ್ತಾರೆ. ನಮಗೆ ತಪಸ್ಸುಕಾಲದ ಉಪವಾಸವಿರುವಂತೆ ಅವರಿಗೂ ಅವರದೇ ನೇಮಗಳಿವೆ. ಬಾಡಿಗೆ ಮನೆಯ ಯಜಮಾನರು ಆ ಹೊತ್ತು ಒಲೆ ಹಚ್ಚಬೇಡಿ ಎಂದರೆ ಮೊದಲೇ ಅಡುಗೆ ಮಾಡಿಟ್ಟುಕೊಳ್ಳಿ, ಜಗಳ ಬೇಡ. ಆದರೆ ಬಸುರಿಗೆ ನೀರು ಕೊಡಬೇಡಿ, ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಡಿ ಎಂದರೆ ಮೃದುವಾಗಿಯೇ ಇಲ್ಲವೆನ್ನಿ. ಎಲ್ಲಿ ಬಗ್ಗಬಹುದು, ಎಲ್ಲಿ ಬಗ್ಗಬಾರದು ಎಂಬ ವಿವೇಕವೇ ಪರಪ್ರೀತಿ.

2027ಕ್ಕೆ ಮನೆಯ ಸಿದ್ಧತೆ

2027ರ ಆಗಸ್ಟ್ 2ರಂದು ಪೂರ್ಣ ಗ್ರಹಣ ಸ್ಪೇನ್‌ನ ದಕ್ಷಿಣ ತುದಿ, ಉತ್ತರ ಆಫ್ರಿಕಾ, ಈಜಿಪ್ಟ್, ಸೌದಿ ಅರೇಬಿಯ, ಯೆಮೆನ್‌ಗಳಲ್ಲಿ ಕಾಣುತ್ತದೆ. ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಹೆಚ್ಚು, ಜೆಡ್ಡಾದಲ್ಲಿ ಸುಮಾರು ಆರು ನಿಮಿಷ ಕತ್ತಲೆ. ಅಲ್ಲಿ ದುಡಿಯುವ ಮಕ್ಕಳು, ಬಂಧುಗಳಿದ್ದರೆ ಈಗಲೇ ತಿಳಿಸಿರಿ. ನಮಗೆ ಸೂರ್ಯನ ಒಂದು ಭಾಗ ಮಾತ್ರ ಮುಚ್ಚುತ್ತದೆ. ಅಂದರೆ ನಮ್ಮಲ್ಲಿ ಬರಿಗಣ್ಣಿನಿಂದ ನೋಡಬಹುದಾದ ಕ್ಷಣ ಒಂದೂ ಇರುವುದಿಲ್ಲ. ರೆಟಿನಾಕ್ಕೆ ನೋವು ತಿಳಿಯುವುದಿಲ್ಲ; ಕಣ್ಣು ಸುಟ್ಟದ್ದು ಕೆಲವು ಗಂಟೆಗಳ ನಂತರವೇ ಗೊತ್ತಾಗುತ್ತದೆ. ಗ್ರಹಣದಲ್ಲಿ ನಿಜವಾಗಿ ಹೆದರಬೇಕಾದದ್ದು ಇದೊಂದಕ್ಕೇ.

1. ಜಾಗ: ಸೂರ್ಯ ಪಶ್ಚಿಮದಲ್ಲಿರುತ್ತಾನೆ. ಪಶ್ಚಿಮಕ್ಕೆ ಮರ, ಕಟ್ಟಡ ಅಡ್ಡವಿಲ್ಲದ ಹೊಲದ ಬದು, ಮಾಳಿಗೆ ಅಥವಾ ದೇವಾಲಯದ ಅಂಗಳವನ್ನು ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ನೋಡಿಡಿ. ನಿಖರ ವೇಳೆಯನ್ನು ಆ ವಾರದ ದಿನಪತ್ರಿಕೆಯಲ್ಲಿ ನೋಡಿಕೊಳ್ಳಿ.

2. ಕನ್ನಡಕ: ಐ.ಎಸ್.ಓ. 12312-2 ಗುರುತಿನ ಗ್ರಹಣದ ಕನ್ನಡಕವನ್ನು ನಂಬಿಕಸ್ಥರಿಂದ ತರಿಸಿರಿ, ಇಲ್ಲವೇ 14ನೇ ನಂಬರಿನ ವೆಲ್ಡಿಂಗ್ ಗಾಜು. ಗೀರು ಬಿದ್ದಿದ್ದರೆ ಎಸೆಯಿರಿ. ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ, ಬಕೆಟ್ ನೀರಿನಲ್ಲಿ ಕಾಣುವ ಬಿಂಬ ಇವು ಯಾವುವೂ ಸುರಕ್ಷಿತವಲ್ಲ. ಗ್ರಹಣದ ಕನ್ನಡಕ ಹಾಕಿಕೊಂಡು ದುರ್ಬೀನಿನಲ್ಲಿ ನೋಡಬಾರದು.

3. ರಟ್ಟು: ಖರ್ಚಿಲ್ಲದ ದಾರಿ ಇದು. ರಟ್ಟಿಗೆ ಸೂಜಿಯಿಂದ ಒಂದು ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ತೂತಿನ ಬೆಳಕನ್ನು ಬಿಳಿ ಹಾಳೆಯ ಮೇಲೆ ಬೀಳಿಸಿರಿ. ಒಂದು ಮೀಟರ್ ದೂರಕ್ಕೆ ಸುಮಾರು 9 ಮಿಲಿಮೀಟರ್ ಅಗಲದ ಸೂರ್ಯ ಮೂಡುತ್ತಾನೆ. ಅಡುಗೆಮನೆಯ ಜರಡಿಯ ಕೆಳಗೆ, ಬೇವಿನ ಮರದ ನೆರಳಿನಲ್ಲಿ ಕಚ್ಚಿದ ರೊಟ್ಟಿಯಂಥ ನೂರಾರು ಸೂರ್ಯರು ಕಾಣುತ್ತಾರೆ.

4. ಕನ್ನಡಿ: ಸಣ್ಣ ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಬಟಾಣಿ ಕಾಳಿಗಿಂತ ಚಿಕ್ಕ ತೂತು ಬಿಡಿ. ಬಿಸಿಲನ್ನು 10 ಮೀಟರ್ ದೂರದ ನೆರಳಿನ ಗೋಡೆಗೆ ತಿರುಗಿಸಿದರೆ ಸುಮಾರು 9 ಸೆಂಟಿಮೀಟರಿನ ಸೂರ್ಯ ಬೀಳುತ್ತಾನೆ. ಧರ್ಮೋಪದೇಶದ ಮಕ್ಕಳೆಲ್ಲ ಒಟ್ಟಿಗೆ ನೋಡಬಹುದು. ಕನ್ನಡಿಯೊಳಗೆ ಯಾರೂ ಇಣುಕಬಾರದು.

5. ಹೊಣೆ: ಪ್ರತಿ ಚಿಕ್ಕ ಮಗುವಿಗೆ ಒಬ್ಬ ದೊಡ್ಡವರು. ಯಾವ ಮಗು ಯಾರ ಜೊತೆ ಎಂದು ಹಿಂದಿನ ರಾತ್ರಿಯೇ ನಿಗದಿ ಮಾಡಿರಿ.

6. ಮೋಡ: ಆಗಸ್ಟ್ ಮಳೆಗಾಲ. ಎಲ್ಲ ಸಿದ್ಧತೆ ಮಾಡಿಯೂ ಏನೂ ಕಾಣದಿರಬಹುದು. ಇದನ್ನು ಮಕ್ಕಳಿಗೆ ಮುಂಚೆಯೇ ಹೇಳಿರಿ. ನಾವು ಸಿದ್ಧರಾಗಬಹುದು; ಕೊಡುವುದು ದೇವರ ಕೈಯಲ್ಲಿದೆ.

ಆ ದಿನಕ್ಕೆ ಇನ್ನೊಂದು ಮಹತ್ವವಿದೆ. ಆಗಸ್ಟ್ 2 ಅಸ್ಸಿಸಿಯ ಕ್ಷಮಾಪಣೆಯ ದಿನ, ಧರ್ಮಕೇಂದ್ರದ ದೇವಾಲಯಗಳಲ್ಲಿ ಪೂರ್ಣ ದಂಡವಿಮೋಚನೆ ಪಡೆಯಬಹುದಾದ ದಿನ. ಸೂರ್ಯನನ್ನು ಅಣ್ಣನೆಂದೂ ಚಂದ್ರನನ್ನು ಅಕ್ಕನೆಂದೂ ಕರೆದ ಸಂತ ಫ್ರಾನ್ಸಿಸರ ಹೆಸರಿಗೆ ಸೇರಿದ ದಿನವೇ ಅವರಿಬ್ಬರೂ ನಮ್ಮ ಆಕಾಶದಲ್ಲಿ ಕೂಡುತ್ತಾರೆ. ಪಾಪನಿವೇದನೆ ಮಾಡಿ, ಬಲಿಪೂಜೆಯಲ್ಲಿ ಭಾಗವಹಿಸಿ, ಸಂಜೆ ಕುಟುಂಬವಾಗಿ ಗ್ರಹಣ ನೋಡಿದರೆ ದಿನ ಸಾರ್ಥಕವಾದೀತು.

2031ರ ಮೇ 21ರಂದು ಕೇರಳ, ತಮಿಳುನಾಡಿನ ದಕ್ಷಿಣ ಭಾಗದಲ್ಲಿ ಕಂಕಣ ಗ್ರಹಣ. ಪೂರ್ಣ ಗ್ರಹಣವನ್ನು ಭಾರತದಲ್ಲೇ ನೋಡಬೇಕೆನ್ನುವವರಿಗೆ 2034ರ ಮಾರ್ಚ್ 20, ಲಡಾಖ್ ಕಡೆ. ಆ ವರ್ಷ ಮಾರ್ಚ್ 19 ತಪಸ್ಸುಕಾಲದ ಭಾನುವಾರವಾಗಿರುವುದರಿಂದ ಸಂತ ಜೋಸೆಫರ ಹಬ್ಬ 20ಕ್ಕೇ ಬರುತ್ತದೆ. ಈಗ ಪ್ರಾಥಮಿಕ ಶಾಲೆಯಲ್ಲಿರುವ ಮಕ್ಕಳು ಆಗ ಯುವಕ ಯುವತಿಯರಾಗಿರುತ್ತಾರೆ. ಮನೆಯ ಹುಂಡಿಯಲ್ಲಿ ತಿಂಗಳಿಗಿಷ್ಟು ಎಂದು ಕೂಡಿಟ್ಟರೆ ಒಬ್ಬರಾದರೂ ಹೋಗಿ ನೋಡಿ ಬಂದಾರು.

ಕಾಯುವುದನ್ನು ಕಲಿಯೋಣ

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದ ಹತ್ತು ಮಂದಿ ಕನ್ನಿಕೆಯರನ್ನು ನೆನೆಯಿರಿ. ಹತ್ತು ಮಂದಿಯೂ ಕಾದರು, ಹತ್ತು ಮಂದಿಯೂ ತೂಕಡಿಸಿದರು. ವ್ಯತ್ಯಾಸ ಇದ್ದುದು ಎಣ್ಣೆಯಲ್ಲಿ. ಗ್ರಹಣದ ದಿನ, ಗಂಟೆ, ನಿಮಿಷ ನಮಗೆ ಗೊತ್ತು. ಆದರೂ ಸಿದ್ಧರಿಲ್ಲದವನು ಅದನ್ನು ಕಳೆದುಕೊಳ್ಳುತ್ತಾನೆ. ಪ್ರಭುವಿನ ದಿನ, ಗಂಟೆ ನಮಗೆ ಗೊತ್ತಿಲ್ಲ. ಹಾಗಿದ್ದ ಮೇಲೆ ಆ ಸಿದ್ಧತೆ ಎಷ್ಟು ಹೆಚ್ಚಿನದಾಗಿರಬೇಕು!

ಮನೆಯಲ್ಲಿ ಚರ್ಚಿಸಲು

* ಗ್ರಹಣದ ದಿನ ನಮ್ಮ ಮನೆಯಲ್ಲಿ ಪಾಲಿಸುವ ಪದ್ಧತಿಗಳು ಯಾವುವು? ಪ್ರೀತಿಯಿಂದ ಬಂದವು ಯಾವುವು, ಭಯದಿಂದ ಬಂದವು ಯಾವುವು?
* ಶಿಲುಬೆಯ ದಿನದ ಕತ್ತಲೆ ಗ್ರಹಣವಲ್ಲ ಎಂಬುದನ್ನು ಮಕ್ಕಳಿಗೆ ಹೇಗೆ ವಿವರಿಸುವಿರಿ?
* ನಮ್ಮ ಓಣಿಯಲ್ಲಿ ಬಸುರಿಯರು, ಅಂಗವಿಕಲ ಮಕ್ಕಳು, ಒಂಟಿ ಮುದುಕರು ಯಾರಿದ್ದಾರೆ? ಆ ದಿನ ಅವರನ್ನು ಯಾರು ವಿಚಾರಿಸುವಿರಿ?

ಪ್ರಾರ್ಥನೆ

ಬೆಳಕನ್ನೂ ನೆರಳನ್ನೂ ಅಳತೆಯಿಂದ ನಡೆಸುವ ತಂದೆಯೇ, ನಮ್ಮ ಮನೆಗಳಿಂದ ಭಯವನ್ನು ತೆಗೆದುಹಾಕಿರಿ. ನಮ್ಮ ಮಕ್ಕಳ ಕಣ್ಣುಗಳನ್ನು ಕಾಪಾಡಿರಿ, ಗರ್ಭಿಣಿ ತಾಯಂದಿರನ್ನು ಹರಸಿರಿ, ನೆರೆಹೊರೆಯವರೊಂದಿಗೆ ಸ್ನೇಹದಿಂದ ಬಾಳಲು ನಮಗೆ ವಿವೇಕವನ್ನು ಕೊಡಿರಿ. ಎಂದೂ ಅಸ್ತಮಿಸದ ಬೆಳಕಾದ ನಿಮ್ಮ ಪುತ್ರನಿಗಾಗಿ ಎಚ್ಚರದಿಂದ ಕಾಯುವಂತೆ ಮಾಡಿರಿ. ಆಮೆನ್.